ಹೊಳೆ ದಾಟಿದ ಮಾತುಗಳು: ಕುಮಾರಪಟ್ಟಣದ ಕಡವಿನಲ್ಲಿ ಕೆಲವು ಹಳೆಯ ಇಂಗ್ಲಿಷ್ ಶಬ್ದಗಳು

ರಾಣೇಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣ ತುಂಗಭದ್ರೆಯ ಎಡದಂಡೆಯಲ್ಲಿದೆ. ಎದುರಿಗೆ, ಬಲದಂಡೆಯಲ್ಲಿ, ಹರಿಹರ. ಇಂದು ಕುಮಾರಪಟ್ಟಣದ ಗುರುತು ಅಲ್ಲಿನ ಕಾರ್ಖಾನೆ. ಅದಕ್ಕೂ ಎದುರು ದಡದ ಹೆಸರೇ ಅಂಟಿಕೊಂಡು ಅದು ಹರಿಹರ ಪಾಲಿಫೈಬರ್ಸ್ ಆಯಿತು. ಹದಿನಾಲ್ಕು ಕಮಾನುಗಳ ಹಳೆಯ ಸೇತುವೆ ಇಲ್ಲಿ ಸಿದ್ಧವಾದದ್ದು 1868ರಲ್ಲಿ. ಅದಕ್ಕೆ ಮೊದಲು ಮಳೆಗಾಲದಲ್ಲಿ ಹೊಳೆ ದಾಟಬೇಕಾದರೆ ಹರಿಗೋಲೇ ಗತಿ. ಈ ಕಡವು ಎರಡು ರಾಜ್ಯಗಳ ಗಡಿಯೂ ಆಗಿತ್ತು. ಹದಿನೆಂಟನೆಯ ಶತಮಾನದ ಕೊನೆಗೆ ಉತ್ತರದ ದಡ ಮರಾಠರದು, ದಕ್ಷಿಣದ ದಡ ಮೈಸೂರಿನದು. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದ ಬಳಿಕ ಉತ್ತರದ ದಡ ಕಂಪನಿಯ ಕೈಸೇರಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಒಳಪಟ್ಟಿತು. ದಕ್ಷಿಣದ ದಡ ಮೈಸೂರು ಸಂಸ್ಥಾನದಲ್ಲಿಯೇ ಉಳಿಯಿತು. ಎರಡೂ ದಡಗಳು ಒಂದೇ ರಾಜ್ಯಕ್ಕೆ ಸೇರಿದ್ದು 1956ರಲ್ಲಿ.

ಜನ ಎರಡೂ ಕಡೆ ಆಡುತ್ತಿದ್ದ ಮಾತು ಕನ್ನಡವೇ. ಆದರೆ ಆಳುವವರ ಇಂಗ್ಲಿಷ್ ಮಾತ್ರ ಈ ಹೊಳೆಯಲ್ಲಿ ಎರಡಾಗಿ ಸೀಳಿತು. ಬಲದಂಡೆಯ ಕಡೆಯಿಂದ ಬಂದ ಸೈನ್ಯಾಧಿಕಾರಿಗಳು ಮದರಾಸು, ಶ್ರೀರಂಗಪಟ್ಟಣಗಳಲ್ಲಿ ಕಲಿತ ದೇಶ್ಯ ಪದಗಳನ್ನು ಹೊತ್ತು ತಂದರು. ಎಡದಂಡೆಗೆ ಮುಂಬಯಿಯಿಂದ ಬಂದ ಕಲೆಕ್ಟರುಗಳು ಮರಾಠಿ ಗುಮಾಸ್ತರ ಬಾಯಿಂದ ಕೇಳಿದ ಪದಗಳನ್ನು ದಫ್ತರಗಳಲ್ಲಿ ಬರೆಸಿದರು. ಈ ಪದಗಳಲ್ಲಿ ಹೆಚ್ಚಿನವು ಇಂದು ಇಂಗ್ಲೆಂಡಿನಲ್ಲಿಯೂ ಯಾರಿಗೂ ಅರ್ಥವಾಗವು. ಆದರೂ ಹತ್ತೊಂಬತ್ತನೆಯ ಶತಮಾನದ ಪತ್ರಸಂಗ್ರಹ, ಪ್ರವಾಸಕಥನ, ಗೆಜೆಟಿಯರುಗಳನ್ನು ಓದುವ ಕನ್ನಡ ವಿದ್ಯಾರ್ಥಿಗೆ ಇವು ಪುಟಪುಟಕ್ಕೂ ಅಡ್ಡ ನಿಲ್ಲುತ್ತವೆ. ವಿಲಕ್ಷಣ ಪದಗಳೆಂದು ನಕ್ಕು ಮುಂದೆ ಹೋಗುವುದು ರೂಢಿ. ಅವುಗಳನ್ನು ಸಾಕ್ಷಿಗಳಾಗಿ ವಿಚಾರಿಸಿದರೆ ದೊರೆಯುವ ಉತ್ತರ ಬೇರೆ: ಕನ್ನಡ ನಾಡನ್ನು ಕುರಿತು ಬರೆಯುವಾಗ ಇಂಗ್ಲಿಷಿನವನ ಕಿವಿಯ ಬಳಿ ಕುಳಿತಿದ್ದವನು ಯಾರು ಎಂಬುದನ್ನು ಪ್ರತಿ ಪದದ ಕಾಗುಣಿತವೂ ಹೇಳುತ್ತದೆ.

ಕನ್ನಡದ ವ್ಯಾಕರಣ ಪರಂಪರೆಗೆ ಇಂಥ ವಿಚಾರಣೆ ಹೊಸದಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಅಪಭ್ರಂಶಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟು, ಸಂಸ್ಕೃತ ಶಬ್ದಗಳು ಕನ್ನಡಕ್ಕೆ ಬರುವಾಗ ಯಾವ ಅಕ್ಷರ ಯಾವುದಾಗುತ್ತದೆ ಎಂಬುದನ್ನು ನಿಯಮಗಳಲ್ಲಿ ಹಿಡಿದಿಟ್ಟ. ಕನ್ನಡದ ಬಾಯಿಯಲ್ಲಿ ಸಂಸ್ಕೃತ ತದ್ಭವವಾದಂತೆ ಇಂಗ್ಲಿಷರ ಬಾಯಿಯಲ್ಲಿ ಕನ್ನಡವೂ ತದ್ಭವವಾಯಿತು. ಆ ತದ್ಭವಗಳಿಗೆ ಕೇಶಿರಾಜನಂಥವನು ದೊರೆಯಲಿಲ್ಲ. ದೊರೆತದ್ದು ಎರಡು ಕೋಶಗಳು. ಒಂದು, ಆಕ್ಸ್‌ಫರ್ಡಿನ ಸಂಸ್ಕೃತ ಪ್ರಾಧ್ಯಾಪಕ ಹೋರೇಸ್ ಹೇಮನ್ ವಿಲ್ಸನ್ 1855ರಲ್ಲಿ ಪ್ರಕಟಿಸಿದ ನ್ಯಾಯ ಮತ್ತು ಕಂದಾಯ ಪದಗಳ ಕೋಶ. ಇನ್ನೊಂದು, ಹೆನ್ರಿ ಯೂಲ್ ಮತ್ತು ಆರ್ಥರ್ ಬರ್ನೆಲ್ ಸಿದ್ಧಪಡಿಸಿ 1886ರಲ್ಲಿ ಹೊರಬಂದ ‘ಹಾಬ್ಸನ್-ಜಾಬ್ಸನ್’. ಮದರಾಸು ಪ್ರಾಂತದ ಅಧಿಕಾರಿಯಾಗಿದ್ದು ದಕ್ಷಿಣದ ಭಾಷೆಗಳನ್ನು ಬಲ್ಲ ಬರ್ನೆಲ್ ಅಚ್ಚಾದ ಗ್ರಂಥವನ್ನು ನೋಡಲು ಬದುಕಿರಲಿಲ್ಲ, 1882ರಲ್ಲಿಯೇ ತೀರಿಕೊಂಡ. ಆ ಗ್ರಂಥದ ಹೆಸರೂ ಒಂದು ತದ್ಭವವೇ. ಮೊಹರಂ ಮೆರವಣಿಗೆಯ ‘ಯಾ ಹಸನ್, ಯಾ ಹುಸೇನ್’ ಎಂಬ ಕೂಗು ಬಿಳಿಯ ಸಿಪಾಯಿಗಳ ಕಿವಿಗೆ ಹಾಗೆ ಕೇಳಿಸಿತ್ತು.

ಈ ಕಡವಿಗೆ ಇಂಗ್ಲಿಷ್ ದೊಡ್ಡ ಪ್ರಮಾಣದಲ್ಲಿ ಬಂದಿಳಿದದ್ದು 1800ರ ಜೂನ್ ಕೊನೆಯಲ್ಲಿ. ಟಿಪ್ಪುವಿನ ಪತನದ ಬಳಿಕ ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದು ತನ್ನದೇ ಪಡೆ ಕಟ್ಟಿಕೊಂಡಿದ್ದ ಧೋಂಡಿಯ ವಾಘನನ್ನು ಬೆನ್ನಟ್ಟಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿದ. ಮುಂದೆ ವೆಲಿಂಗ್ಟನ್ನಿನ ಡ್ಯೂಕ್ ಎಂದು ಜಗತ್ಪ್ರಸಿದ್ಧನಾದವನು ಇವನೇ. ದಾಟಿದ ಕೆಲವೇ ದಿನಗಳಲ್ಲಿ ರಾಣೇಬೆನ್ನೂರಿನ ಕೋಟೆಯನ್ನು ಅವನ ಸೈನ್ಯ ಹಲ್ಲೆ ಮಾಡಿ ಹಿಡಿಯಿತು; ಅಲ್ಲಿಂದ ಹಾವೇರಿ, ದೇವಗಿರಿ, ಸವಣೂರು, ಕುಂದಗೋಳ, ಡಂಬಳ. ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಬಳಿ ಧೋಂಡಿಯ ಹತನಾದ. ಈ ಮೂರು ತಿಂಗಳ ಪತ್ರಗಳು ವೆಲಿಂಗ್ಟನ್ನಿನ ಪತ್ರಸಂಗ್ರಹದ ಮೊದಲ ಸಂಪುಟದಲ್ಲಿವೆ. ಹಾವೇರಿ ಸೀಮೆಯ ಚರಿತ್ರೆಗೆ ಅವು ಅಮೂಲ್ಯ ಆಕರ. ಆದರೆ ಅಲ್ಲಿನ ಊರುಗಳನ್ನು ಗುರುತಿಸುವುದೇ ಒಂದು ಪರೀಕ್ಷೆ. ಹರಿಹರ ಅಲ್ಲಿ ‘ಹರ್ರಿಹರ್’, ತುಂಗಭದ್ರೆ ‘ತೂಂಬುದ್ರ’, ವರದಾ ನದಿ ‘ವೆರ್ದಾ’, ಡಂಬಳ ‘ಡಮ್ಮಲ್’, ಲಕ್ಷ್ಮೇಶ್ವರ ‘ಲಕ್‌ಮೈಸಿರ್’. ಇವುಗಳನ್ನು ಗಟ್ಟಿಯಾಗಿ ಓದಿದರೆ ಊರು ಕಿವಿಗೆ ಹೊಳೆಯುತ್ತದೆ. ರಾಣೇಬೆನ್ನೂರಿನ ಕತೆ ಹಾಗಲ್ಲ. ಅದು ಅಲ್ಲಿ ‘ರಾನ್ನೀ ಬೆಡ್ನೋರ್’.

‘ಬೆಡ್ನೋರ್’ ಎಂಬುದು ಇಂಗ್ಲಿಷರಿಗೆ ಆಗಲೇ ಪರಿಚಿತವಾಗಿದ್ದ ಬೇರೊಂದು ಊರಿನ ಹೆಸರು. ಕೆಳದಿ ಅರಸರ ರಾಜಧಾನಿ ಬಿದನೂರು ಅದು. ಬಿದಿರಿನ ಊರು ಎಂಬ ಅರ್ಥದಲ್ಲಿ ಸಂಸ್ಕೃತದಲ್ಲಿ ವೇಣುಪುರ. 1763ರಲ್ಲಿ ಹೈದರನ ವಶವಾಗಿ ಹೈದರನಗರವಾಯಿತು. ಈಗ ಹೊಸನಗರ ತಾಲ್ಲೂಕಿನ ನಗರ. 1783ರಲ್ಲಿ ಜನರಲ್ ಮ್ಯಾಥ್ಯೂಸ್ ಅದನ್ನು ಹಿಡಿದು, ಕೆಲವೇ ತಿಂಗಳಲ್ಲಿ ಟಿಪ್ಪುವಿಗೆ ಶರಣಾದ ಸಂಗತಿ ಕಂಪನಿಯ ಸೈನ್ಯದಲ್ಲಿ ಮರೆಯಲಾಗದ ಅವಮಾನವಾಗಿ ಉಳಿದಿತ್ತು. ಅಂಥ ಕಿವಿಗೆ ‘ಬೆನ್ನೂರು’ ಎಂಬ ಅಪರಿಚಿತ ಹೆಸರು ‘ಬೆಡ್ನೋರ್’ ಎಂದೇ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಒಂದೇ ಸಂಪುಟದಲ್ಲಿ ಎರಡೂ ಬೆಡ್ನೋರ್‌ಗಳು ಬರುತ್ತವೆ. ಮಲೆನಾಡಿನ ಬಿದನೂರನ್ನೂ ಬಯಲಿನ ರಾಣೇಬೆನ್ನೂರನ್ನೂ ಒಂದೇ ಎಂದು ತಿಳಿದು ಓದಿದವನು ಸೈನ್ಯ ನಡೆದ ದಾರಿಯನ್ನೇ ಘಟ್ಟದ ಕಡೆಗೆ ತಿರುಗಿಸಿಬಿಟ್ಟಾನು. ಬೆನ್ನೂರಿನಲ್ಲಿ ಬಿದಿರಿಲ್ಲ ಎಂಬಷ್ಟು ತಿಳಿವಳಿಕೆ ಇಲ್ಲಿ ಚರಿತ್ರೆಯ ಒಂದು ಪ್ರಮಾಣವಾಗುತ್ತದೆ.

ವೆಲ್ಲೆಸ್ಲಿಯ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಇನ್ನೊಂದು ಪದ ‘ಬ್ರಿಂಜಾರಿ’. ಸಾವಿರಾರು ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ಸೈನ್ಯದ ಹಿಂದೆ ಸಾಗುತ್ತಿದ್ದ ಬಂಜಾರರ ಹೆಸರಿದು. ಕನ್ನಡ ನಾಡಿನಲ್ಲಿ ಅವರು ಲಂಬಾಣಿಗರು, ಲಮಾಣಿಗಳು. ದಖ್ಖನಿನ ಯುದ್ಧಗಳಲ್ಲಿ ಯಾವ ದಂಡಿಗೂ ಅವರಿಲ್ಲದೆ ಅನ್ನವಿರಲಿಲ್ಲ. ಹಾಗಾಗಿ ಸೇನಾನಿಯ ಪತ್ರಗಳಲ್ಲಿ ಫಿರಂಗಿಯಷ್ಟೇ ಚಿಂತೆ ಬ್ರಿಂಜಾರಿಗಳದೂ ಇದೆ. ಬಂಜಾರ ಎಂಬುದರ ಮೂಲ ವಣಿಜ ಎಂಬ ಸಂಸ್ಕೃತ ಶಬ್ದವೆಂದು ವಿದ್ವಾಂಸರ ಸಾಮಾನ್ಯ ಮತ. ಲಮಾಣಿ ಎಂಬುದನ್ನು ಲವಣದೊಡನೆ, ಅಂದರೆ ಅವರು ಸಾಗಿಸುತ್ತಿದ್ದ ಉಪ್ಪಿನೊಡನೆ, ಜೋಡಿಸುವುದುಂಟು. ಎರಡರಲ್ಲಿಯೂ ಇಲ್ಲದ ರಕಾರ ಇಂಗ್ಲಿಷಿನ ರೂಪಕ್ಕೆ ಎಲ್ಲಿಂದ ಬಂತು? ಫಾರಸಿಯಲ್ಲಿ ‘ಬಿರಿಂಜ್’ ಎಂದರೆ ಅಕ್ಕಿ. ಅಕ್ಕಿ ತರುವವರು ಆದ್ದರಿಂದ ಬಿರಿಂಜ್-ಆರಾ ಎಂದು ಹಳೆಯ ಕೋಶವೊಂದು ವ್ಯುತ್ಪತ್ತಿ ಹೇಳಿದ್ದನ್ನು ಹಾಬ್ಸನ್-ಜಾಬ್ಸನ್ ಎತ್ತಿಕೊಂಡು ನಗುತ್ತದೆ. ವ್ಯುತ್ಪತ್ತಿ ತಪ್ಪು, ಆದರೆ ಆ ತಪ್ಪು ಸುಮ್ಮನೆ ಹುಟ್ಟಿದ್ದಲ್ಲ. ಕಂಪನಿಯ ಅಧಿಕಾರಿಗೆ ದೇಶವನ್ನು ವಿವರಿಸುತ್ತಿದ್ದ ಮುನ್ಷಿ ಫಾರಸಿ ಬಲ್ಲವನು. ತಾಂಡಾದ ಮಾತು ಅವನಿಗೂ ತಿಳಿಯದು. ನಡುವಿನವನ ಪಾಂಡಿತ್ಯ ಆ ಪದದ ಮೈಮೇಲೆ ಮಚ್ಚೆಯಾಗಿ ಉಳಿದುಕೊಂಡಿತು.

ಹೊಳೆ ದಾಟಿಸಿದ ಹರಿಗೋಲಿನ ಕತೆ ಇದಕ್ಕೆ ತೀರ ವಿರುದ್ಧ. ಬಿದಿರಿನ ಹೆಣಿಗೆಗೆ ತೊಗಲು ಹೊದಿಸಿದ ಈ ದುಂಡು ದೋಣಿಯನ್ನು 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಿಸ್ ಇದೇ ತುಂಗಭದ್ರೆಯಲ್ಲಿ ಕಂಡಿದ್ದ. ಬುಟ್ಟಿಯಂತೆ ದುಂಡಾಗಿರುವ ಅದರಲ್ಲಿ ಹದಿನೈದು ಇಪ್ಪತ್ತು ಮಂದಿ ಹಿಡಿಸುವರೆಂದೂ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸಬಹುದೆಂದೂ, ಹುಟ್ಟು ಹಾಕಿದರೆ ಅದು ತಿರುಗುತ್ತಲೇ ಇರುವುದೆಂದೂ ಅವನು ಬರೆದ. ವೆಲ್ಲೆಸ್ಲಿ ತನ್ನ ಪತ್ರಗಳಲ್ಲಿ ಇದನ್ನು ‘ಬುಟ್ಟಿದೋಣಿ’ ಎಂಬ ಅರ್ಥದ ಸರಳ ಇಂಗ್ಲಿಷ್ ಸಮಾಸದಿಂದ ಕರೆದ. ನದಿಗಳು ತುಂಬಿ ಹರಿಯುವ ಕಾಲದಲ್ಲಿ ಇವುಗಳನ್ನು ಮಾಡಿಸಿ ಇಡುವಂತೆ ಮತ್ತೆ ಮತ್ತೆ ಆಜ್ಞೆ ಹೊರಡಿಸಿದ. ಅನಂತರದ ಬರಹಗಾರರು ಬಳಸಿದ ಪದ ‘ಕೊರಕಲ್’. ಅದು ಇಂಗ್ಲಿಷಿನ ಮೂಲಶಬ್ದವೂ ಅಲ್ಲ; ವೇಲ್ಸ್ ನಾಡಿನ ನದಿಗಳಲ್ಲಿ ಮೀನುಗಾರರು ಬಳಸುವ ತೊಗಲುದೋಣಿಯ ವೆಲ್ಷ್ ಹೆಸರು. ಹೀಗೆ ತುಂಗಭದ್ರೆಯ ದೋಣಿಗೆ ಸಾವಿರಾರು ಮೈಲಿ ಆಚೆಯ ಹೊಳೆಯ ಹೆಸರು ಬಂತು. ಪದ ಈಗಾಗಲೇ ಮನೆಯಲ್ಲಿದ್ದರೆ ಭಾಷೆ ಎರವಲು ತರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ತಮಿಳಿನಲ್ಲಿ ಇದೇ ದೋಣಿ ‘ಪರಿಸಲ್’. ಪದಾದಿಯ ಪಕಾರ ಕನ್ನಡದಲ್ಲಿ ಹಕಾರವಾಗುವ ಪ್ರಸಿದ್ಧ ಮಾರ್ಪಾಟನ್ನು ನೆನೆದರೆ ಹರಿಗೋಲಿನ ಮೊದಲ ಭಾಗ ಅದರೊಂದಿಗೆ ಸಂಬಂಧ ಹೊಂದಿರುವಂತೆ ತೋರುತ್ತದೆ.

ಇದೇ ಪಕಾರ ಹಕಾರಗಳ ವ್ಯತ್ಯಾಸ ಒಂದು ನಾಣ್ಯದ ಹೆಸರಿನಲ್ಲಿಯೂ ಸಾಕ್ಷಿ ನುಡಿಯುತ್ತದೆ. ಸಂಸ್ಕೃತದ ‘ಪಣ’ ಕನ್ನಡದಲ್ಲಿ ‘ಹಣ’. ಆದರೆ ಕಂಪನಿಯ ಲೆಕ್ಕಪತ್ರಗಳಲ್ಲಿ ಮೈಸೂರಿನ ಹಣವೂ ‘ಫನಂ’ ಎಂದೇ ದಾಖಲಾಯಿತು. ಕೊನೆಯ ಅನುಸ್ವಾರ ತಮಿಳು ಮಲಯಾಳಗಳ ಪಣಮ್‌ನದು; ಮೊದಲ ಫಕಾರ, ಪಕಾರವಿಲ್ಲದ ಅರಬರ ಬಾಯಿಂದ ಬಂದದ್ದು. ಕರಾವಳಿಯ ಕಡಲವ್ಯಾಪಾರದಲ್ಲಿ ರೂಪುಗೊಂಡ ಪದವನ್ನು ಇಂಗ್ಲಿಷರು ಒಳನಾಡಿಗೆ ತಂದು ಹಣದ ಮೇಲೆ ಒತ್ತಿದರು. ಪದದ ರೂಪ ನೋಡಿ ಅದು ಎಲ್ಲಿ ಬಳಕೆಯಲ್ಲಿತ್ತು ಎಂದು ಹೇಳಹೊರಟರೆ ಎಡವುವುದು ಇಲ್ಲಿಯೇ. ರೂಪ ಹೇಳುವುದು ಅದು ಎಲ್ಲಿ ಕಲಿತದ್ದು ಎಂಬುದನ್ನು ಮಾತ್ರ.

ಕಂಬಳಿಯ ಸಂಗತಿ ಇನ್ನೂ ಸೂಕ್ಷ್ಮ. 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ 1801ರಲ್ಲಿ ಹರಿಹರಕ್ಕೂ ದಾವಣಗೆರೆಗೂ ಬಂದ. ಅವನ ಮೂರು ಸಂಪುಟಗಳ ಕಥನ 1807ರಲ್ಲಿ ಪ್ರಕಟವಾಯಿತು. ದಾವಣಗೆರೆಯಲ್ಲಿ ನೇಯುತ್ತಿದ್ದ ಕಂಬಳಿಗಳ ಬಗ್ಗೆ ಅವನು ಆಸಕ್ತಿಯಿಂದ ಬರೆದಿದ್ದಾನೆ. ಎದುರು ದಡದ ಸೀಮೆಯಲ್ಲಿ ಮೇಡ್ಲೇರಿಯ ಕಂಬಳಿಗೂ ಹೆಸರಿದೆ. ಕುರುಬರ ಮಗ್ಗಗಳಿಗೆ ಹೊಳೆ ಗಡಿಯಾಗಿರಲಿಲ್ಲ. ಹಾಬ್ಸನ್-ಜಾಬ್ಸನ್ ಈ ಪದಕ್ಕೆ ‘ಕಂಬ್ಲಿ’, ‘ಕಮ್ಲಿ’ ಎಂಬ ಎರಡು ರೂಪಗಳನ್ನು ಕೊಡುತ್ತದೆ. ಮೊದಲನೆಯದರಲ್ಲಿ ಬಕಾರ ಉಳಿದಿದೆ, ಕನ್ನಡದ ಕಂಬಳಿಯಂತೆ. ಎರಡನೆಯದರಲ್ಲಿ ಅಳಿದಿದೆ, ಹಿಂದುಸ್ತಾನಿಯ ಕಮ್ಲಿಯಂತೆ. ಕನ್ನಡ ನಾಡಿನ ನಟ್ಟನಡುವೆ ನಿಂತು ಬರೆದ ಬುಕನನ್ ಬಳಸಿದ್ದು ಬಕಾರವಿಲ್ಲದ ರೂಪವನ್ನು. ನೇಯುವವನು ಹೇಳಿದ ಪದ ಪುಸ್ತಕಕ್ಕೆ ಇಳಿಯುವ ಮೊದಲು ದುಭಾಷಿಯ ನಾಲಗೆಯನ್ನು ಹಾಯ್ದು ಬಂದಿದೆ ಎಂಬುದಕ್ಕೆ ಒಂದು ವ್ಯಂಜನದ ಲೋಪವೇ ಸಾಕ್ಷಿ.

ಇಷ್ಟಾದರೂ ಕನ್ನಡದ ನಾಲಗೆಯಿಂದ ನೇರವಾಗಿ ಕಡಲು ದಾಟಿದ ಪದಗಳು ಇಲ್ಲದಿಲ್ಲ. ‘ಬಟ್ಟಾ’ ಎಂಬುದು ಕಂಪನಿಯ ಸೈನ್ಯದಲ್ಲಿ ಸಂಬಳದ ಮೇಲೆ ಕೊಡುತ್ತಿದ್ದ ದಿನಖರ್ಚಿನ ಹೆಸರು. 1766ರಲ್ಲಿ ಕ್ಲೈವ್ ದುಪ್ಪಟ್ಟು ಬಟ್ಟಾವನ್ನು ನಿಲ್ಲಿಸಿದಾಗ ಬಂಗಾಳದ ಬಿಳಿಯ ಅಧಿಕಾರಿಗಳು ರಾಜೀನಾಮೆ ಕೊಟ್ಟು ದಂಗೆಯ ಅಂಚಿಗೆ ಹೋದರು. ಅಷ್ಟು ದೂರದ ಬಂಗಾಳದ ಈ ಜಗಳದ ಪದವನ್ನು ಯೂಲ್ ಮತ್ತು ಬರ್ನೆಲ್ ಕನ್ನಡದ ‘ಭತ್ತ’ದವರೆಗೆ ಬೆನ್ನುಹತ್ತುತ್ತಾರೆ. ಪಶ್ಚಿಮ ಕರಾವಳಿಯಲ್ಲಿ ಪೋರ್ಚುಗೀಸರು ಭತ್ತವನ್ನು ‘ಬಾತೆ’, ‘ಬಾತಾ’ ಎಂದು ಕರೆದರು. ಆಳುಗಳಿಗೆ ಹೊಟ್ಟೆಪಾಡಿಗೆಂದು ಅಳೆದುಕೊಡುತ್ತಿದ್ದ ಆ ಕಾಳು ಕ್ರಮೇಣ ಭತ್ಯವೆಂಬ ಅರ್ಥ ಪಡೆಯಿತು ಎಂಬುದು ಅವರ ಊಹೆ. ‘ಪ್ಯಾಡಿ’ ಎಂಬ ಇಂಗ್ಲಿಷ್ ಪದ ಮಲಯದ ‘ಪಾದಿ’ಯಿಂದ ಬಂದದ್ದಾದರೂ, ಪಶ್ಚಿಮ ಕರಾವಳಿಯ ಇಂಗ್ಲಿಷರು ಬರೆಯುತ್ತಿದ್ದ ‘ಬ್ಯಾಟಿ’ ಎಂಬ ಕನ್ನಡಮೂಲದ ರೂಪ ಅದಕ್ಕೆ ನೀರೆರೆದಿರಬೇಕೆಂದೂ ಅವರು ಹೇಳುತ್ತಾರೆ. ಇವೆಲ್ಲಕ್ಕೂ ಹಿಂದೆ ಸಂಸ್ಕೃತದ ‘ಭಕ್ತ’ ಇದೆ; ಅನ್ನ ಎಂದು ಅದರ ಅರ್ಥ. ಸರ್ಕಾರಿ ನೌಕರರ ತುಟ್ಟಿಭತ್ಯೆ, ಪ್ರಯಾಣಭತ್ಯೆಗಳಲ್ಲಿಯೂ, ಲಾರಿ ಚಾಲಕರು ಕೇಳಿ ಪಡೆಯುವ ಬಾಟಾದಲ್ಲಿಯೂ ಹಳೆಯ ಕಾಳಿನ ವಾಸನೆ ಇನ್ನೂ ಇದೆ ಎನ್ನಬಹುದು. ‘ಪೆಟ್ಟಾ’ ಎಂಬುದು ಕೋಟೆಯ ಹೊರಗೆ ಅಂಟಿಕೊಂಡು ಬೆಳೆದ ಊರಿಗೆ ಸೈನಿಕರು ಇಟ್ಟ ಹೆಸರು. 1791ರ ಬೆಂಗಳೂರು ಮುತ್ತಿಗೆಯ ವೃತ್ತಾಂತಗಳಲ್ಲಿ ಹೇರಳವಾಗಿ ಸಿಗುತ್ತದೆ. ಕೋಶಕಾರರು ತಮಿಳಿನ ಪೇಟ್ಟೈಯನ್ನು ಮೂಲವೆನ್ನುತ್ತಾರೆ. ಕೊನೆಯ ಸ್ವರವನ್ನು ಗಮನಿಸಿದರೆ ಕನ್ನಡದ ಪೇಟೆಗೂ ತೆಲುಗಿನ ಪೇಟಕ್ಕೂ ಪಾಲು ಕೊಡದೆ ವಿಧಿಯಿಲ್ಲ.

1818ರ ಬಳಿಕ ಕುಮಾರಪಟ್ಟಣದ ಕಡವು ಆಡಳಿತ ಭಾಷೆಯ ಗಡಿಯೂ ಆಯಿತು. ಹೊಳೆಯ ದಕ್ಷಿಣಕ್ಕೆ ತಾಲ್ಲೂಕಿನ ಒಡೆಯ ಅಮಲ್ದಾರ, ಉತ್ತರಕ್ಕೆ ಮಾಮಲೇದಾರ. ಎರಡರ ಮೂಲವೂ ಕೆಲಸವೆಂಬ ಅರ್ಥದ ಒಂದೇ ಅರಬಿ ಧಾತು; ಒಂದು ಮೈಸೂರಿನ ದಾರಿಯಲ್ಲಿ ಬಂತು, ಇನ್ನೊಂದು ಪುಣೆಯ ದಾರಿಯಲ್ಲಿ. ದಕ್ಷಿಣದ ಸಣ್ಣ ಅರಸು ಇಂಗ್ಲಿಷಿನಲ್ಲಿ ‘ಪಾಲಿಗಾರ್’, ಅಂದರೆ ಪಾಳೆಯಗಾರ. ಉತ್ತರದಲ್ಲಿ ಹೆಚ್ಚುಕಡಿಮೆ ಅದೇ ಗತ್ತಿನ ವಂಶಪಾರಂಪರ್ಯದ ಅಧಿಕಾರಿ ‘ಡೆಸ್ಸಾಯ್’, ಅಂದರೆ ದೇಸಾಯಿ. ಮದರಾಸು ಮೈಸೂರುಗಳ ಬರಹಗಳಲ್ಲಿ ಮೊದಲನೆಯದು ಕಾಡಿನಲ್ಲಿ ಅಡಗುವ ದಂಗೆಕೋರನ ಛಾಯೆ ಪಡೆಯಿತು. ಮುಂಬಯಿಯ ಬರಹಗಳಲ್ಲಿ ಎರಡನೆಯದು ಇನಾಮುದಾರನ ಛಾಯೆ ಪಡೆಯಿತು. ಪದವೊಂದು ತನ್ನ ಪ್ರಾಂತದ ಅನುಭವವನ್ನು ಹೇಗೆ ಹೀರಿಕೊಳ್ಳುತ್ತದೆ ಎಂಬುದಕ್ಕೆ ಈ ಜೋಡಿ ಸಾಕು.

ಊರ ಲೆಕ್ಕ ಬರೆಯುವವನ ಹೆಸರುಗಳು ಇವೆಲ್ಲಕ್ಕಿಂತ ಕುತೂಹಲಕರ. ಮೈಸೂರಿನ ಇಂಗ್ಲಿಷಿನಲ್ಲಿ ಅವನು ‘ಶಾನ್‌ಬೋಗ್’. ತೆಲುಗು ಸೀಮೆಯ ಇಂಗ್ಲಿಷಿನಲ್ಲಿ ‘ಕರ್ನಂ’. ಧಾರವಾಡದ ಇಂಗ್ಲಿಷಿನಲ್ಲಿ ‘ಕೂಲ್‌ಕರ್ನಿ’. ಶ್ಯಾನುಭೋಗನು ಕನ್ನಡ ಶಾಸನಗಳ ‘ಸೇನಬೋವ’ನ ವಂಶಸ್ಥ, ಈ ಸೀಮೆಯ ಬನವಾಸಿ ಪನ್ನಿರ್ಚ್ಛಾಸಿರದ ಶಾಸನಗಳನ್ನು ಓದುವವರಿಗೆ ಅವನ ಪರಿಚಯ ಚೆನ್ನಾಗಿಯೇ ಇದೆ. ಶತಮಾನಗಳ ಕಾಲ ಎರಡೂ ದಡಗಳಲ್ಲಿ ಸೇನಬೋವರಿದ್ದರು. ಇಂಗ್ಲಿಷ್ ದಾಖಲೆಗಳು ಹುಟ್ಟುವ ಹೊತ್ತಿಗೆ ಎಡದಂಡೆಯವನು ಕುಲಕರ್ಣಿಯಾಗಿದ್ದ. ಹಾಬ್ಸನ್-ಜಾಬ್ಸನ್ ಕುಲಕರ್ಣಿಯನ್ನು ಮರಾಠಿಯೆಂದು ಗುರುತಿಸಿ ‘ಕುಲ’ ಎಂದರೆ ವಂಶ, ‘ಕರಣ’ ಎಂದರೆ ಬರಹಗಾರ ಎಂದು ಬಿಡಿಸುತ್ತದೆ. ವಂಶದ ಬರಹಗಾರನೆಂದರೆ ಅರ್ಥ ಹೊಂದುವುದಿಲ್ಲ. ಕನ್ನಡದಲ್ಲಿ ‘ಕುಳ’ ಎಂದರೆ ನೇಗಿಲ ಮೊನೆ. ಅದರ ಜೊತೆಗೇ ತೆರಿಗೆ ತೆರುವ ಒಕ್ಕಲು ಎಂಬ ಅರ್ಥವೂ ರೂಢಿಯಲ್ಲಿದೆ. ಕುಳಗಳ ಲೆಕ್ಕವಿಡುವವನು ಕುಳಕರಣಿ ಎಂದರೆ ಮಾತು ನೆಟ್ಟಗಾಗುತ್ತದೆ. ಇದಕ್ಕೆ ಬೆಂಬಲ ದೊರೆಯುವುದೂ ಒಂದು ಮೃತ ಇಂಗ್ಲಿಷ್ ಪದದಿಂದಲೇ. ರೈತವಾರಿ ಪದ್ಧತಿಯ ಶಿಲ್ಪಿ ಥಾಮಸ್ ಮನ್ರೋ ಆ ಹೆಸರು ನೆಲೆಗೊಳ್ಳುವ ಮೊದಲು ಅದೇ ಪದ್ಧತಿಗೆ ‘ಕುಲ್ವಾರ್’ ಎಂಬ ಪದವನ್ನೂ ಬಳಸುತ್ತಿದ್ದ. ಅದು ಕುಳವಾರು, ಕುಳ ಕುಳಕ್ಕೂ ಬೇರೆ ಬೇರೆಯಾಗಿ ನಿಗದಿಯಾದ ಕಂದಾಯ. ಕೆನರಾದಲ್ಲಿ ಕಲೆಕ್ಟರನಾಗಿದ್ದು, 1818ರ ಯುದ್ಧದಲ್ಲಿ 'ಧಾರವಾಡ ಸೀಮೆಯನ್ನು ಗೆದ್ದವನೂ ಆದ ಮನ್ರೋಗೆ ಈ ಪದ ಹೊಲದ ಬದುವಿನಲ್ಲಿ ಕೇಳಿದ್ದು. ಪದ ಸತ್ತು ಪದ್ಧತಿ ಉಳಿಯಿತು. ಉಳಿದ ಪದ್ಧತಿಗೆ ಅರಬಿ ಮೂಲದ ‘ರಯತ’ನ ಹೆಸರು ಬಂತು.

ನೆಲದ ಹೆಸರೂ ಹಾಗೆಯೇ ಕೈತಪ್ಪಿತು. ರಾಣೇಬೆನ್ನೂರು, ಬ್ಯಾಡಗಿ, ಹಾವೇರಿಗಳ ಒಕ್ಕಲಿಗನಿಗೆ ಹತ್ತಿ, ಜೋಳ, ಮೆಣಸಿನಕಾಯಿ ಬೆಳೆಯುವ ಕಪ್ಪುನೆಲ ‘ಎರೆ’, ಎರೆಹೊಲ, ಎರೆಮಣ್ಣು. ಭೂವಿಜ್ಞಾನದ ಇಂಗ್ಲಿಷಿಗೆ ಹೋದ ಪದ ‘ರೇಗರ್’. ದಕ್ಷಿಣ ಭಾರತದ ಭೂರಚನೆಯನ್ನು ಅಧ್ಯಯನ ಮಾಡಿದ ಕ್ಯಾಪ್ಟನ್ ನ್ಯೂಬೋಲ್ಡ್ 1840ರ ದಶಕದ ತನ್ನ ಪ್ರಬಂಧಗಳಲ್ಲಿ ಇದನ್ನು ಧಾರಾಳವಾಗಿ ಬಳಸಿದ. ಭೂಗೋಳದ ಪಠ್ಯಗಳಲ್ಲಿ ಇಂದಿಗೂ ಇದೆ. ವಿಲ್ಸನ್ ಇದನ್ನು ತೆಲುಗಿನ ರೇಗಡಿ ಎಂದು ಗುರುತಿಸಿದ್ದಾನೆ. ಫಾರಸಿಯಲ್ಲಿ ‘ರೇಗ್’ ಎಂದರೆ ಮರಳು. ಅದರೊಡನೆ ಸಂಬಂಧವಿದ್ದೀತೇ ಎಂದು ಹಾಬ್ಸನ್-ಜಾಬ್ಸನ್ ಸಂದೇಹಿಸುತ್ತದೆ. ಮಳೆಗಾಲದಲ್ಲಿ ಎರೆಹೊಲದಲ್ಲಿ ಕಾಲಿಟ್ಟು ಮೊಣಕಾಲುದ್ದ ಹೂತವನು ಯಾರೂ ಅದನ್ನು ಮರಳಿಗೆ ಗಂಟುಹಾಕಲಾರ.

ಇಂಥ ಸಂದೇಹದ ಪದಗಳಲ್ಲಿ ಕನ್ನಡದ ಅಭಿಮಾನ ತೂಕ ತಪ್ಪುವ ಅಪಾಯವೂ ಉಂಟು. ಕಾಡುನಾಯಿಗೆ ಇಂಗ್ಲಿಷಿನಲ್ಲಿರುವ ‘ಧೋಲ್’ ಎಂಬ ಹೆಸರು ಕನ್ನಡದ ತೋಳದಿಂದ ಬಂದಿರಬಹುದೆಂದು ಕೆಲವು ಇಂಗ್ಲಿಷ್ ಕೋಶಗಳು ಹೇಳುತ್ತವೆ. ಕೇಳಲು ಹಿತವಾಗಿದೆ, ಒಪ್ಪುವುದು ಕಷ್ಟ. ಕನ್ನಡಿಗ ತೋಳವನ್ನೂ ಸೀಳುನಾಯಿಯನ್ನೂ ಒಂದಾಗಿ ಕಂಡವನಲ್ಲ. ತೋಳ ರಾಣೇಬೆನ್ನೂರಿನ ಕೃಷ್ಣಮೃಗಧಾಮದಂಥ ಕುರುಚಲು ಬಯಲಿನ ಪ್ರಾಣಿ, ಕುರಿಗಾರನ ವೈರಿ. ಸೀಳುನಾಯಿ ಹಿಂಡುಗಟ್ಟಿ ಬೇಟೆಯಾಡುವ ಅಡವಿಯ ಜೀವಿ. ತಕಾರ ಧಕಾರವಾದದ್ದಕ್ಕೂ ಕಾರಣ ದೊರೆಯುವುದಿಲ್ಲ. ‘ಬ್ಯಾಂಬೂ’ ಕನ್ನಡದ್ದೆಂದು ವಿಲ್ಸನ್ ಕೋಶ ಹೇಳಿದ್ದನ್ನು ಈಗಲೂ ಹೆಮ್ಮೆಯಿಂದ ಉಲ್ಲೇಖಿಸುವವರಿದ್ದಾರೆ. ಗೋವೆಯಲ್ಲಿ 1563ರಲ್ಲಿ ಅಚ್ಚಾದ ಗಾರ್ಸಿಯ ದ ಓರ್ತನ ಗ್ರಂಥದಲ್ಲಿ ಇದು ‘ಮಂಬು’ ಎಂದಿದೆ; ಆದ್ದರಿಂದ ಪಶ್ಚಿಮ ಕರಾವಳಿಯ ವಾದಕ್ಕೆ ಸ್ವಲ್ಪ ಬಲವಿದೆ. ಆದರೂ ಮಲಯ ಭಾಷೆಯ ಕಡೆಗೆ ಈಚಿನ ಕೋಶಕಾರರ ಒಲವು ಹೆಚ್ಚು. ಊರಿನ ಹೆಸರುಗಳಲ್ಲಿ ನೆಲೆಯೂರಿರುವ ಅಚ್ಚ ದೇಶ್ಯ ಪದ ಬಿದಿರೇ ಹೊರತು ಬೊಂಬು ಅಲ್ಲ ಎಂಬುದನ್ನು ಬಿದನೂರೇ ಹೇಳುತ್ತದೆ. ‘ಟಪ್ಪಾಲ್’ ಎಂಬ ಪದದ ಗತಿ ಇನ್ನೂ ವಿಚಿತ್ರ. ಕನ್ನಡ, ಮರಾಠಿ, ತೆಲುಗುಗಳಲ್ಲಿ ಅಂಚೆಗೆ ರೂಢವಾಗಿದ್ದ ಈ ಶಬ್ದವನ್ನು ಚಾರ್ಲ್ಸ್ ಫಿಲಿಪ್ ಬ್ರೌನ್ ಫ್ರೆಂಚ್ ಭಾಷೆಯ, ದಾರಿಯ ತಂಗುದಾಣವೆಂಬ ಅರ್ಥದ ‘ಎತಾಪ್’ ಜೊತೆಗೆ ಸಂಬಂಧಿಸಲು ನೋಡಿದ. ತೆಲುಗು ಗುಮಾಸ್ತರು ತಪ್ಪಾಲುವಿನ ‘ಲು’ವನ್ನು ತಮ್ಮ ಬಹುವಚನ ಪ್ರತ್ಯಯವೆಂದು ಭಾವಿಸಿ, ಅದನ್ನು ಕಳೆದು ‘ತಪ್ಪಾ’ ಎಂಬ ಏಕವಚನ ಸೃಷ್ಟಿಸಿದ್ದರಿಂದ ಹದಿನೆಂಟನೆಯ ಶತಮಾನದ ಇಂಗ್ಲಿಷ್ ಪತ್ರಗಳಲ್ಲಿ ‘ಟಪ್ಪಾ’, ‘ಟಪ್ಪಿ’ ಎಂಬ ರೂಪಗಳೂ ಬಂದವು. ಗುಮಾಸ್ತನ ವ್ಯಾಕರಣ ದೊರೆಯ ಭಾಷೆಯನ್ನು ತಿದ್ದಿದ ಅಪರೂಪದ ಪ್ರಸಂಗವಿದು.

ಇವೆಲ್ಲ ಬಿಡಿಪದಗಳ ಮಾತು. ಇಡೀ ನಾಡಿನ, ನುಡಿಯ ಹೆಸರಿಗೇ ಇದೇ ಗತಿಯಾದಾಗ ಅದು ಕುತೂಹಲದ ವಿಷಯವಾಗಿ ಉಳಿಯಲಿಲ್ಲ. ‘ಕರ್ನಾಟಿಕ್’ ಎಂಬ ಇಂಗ್ಲಿಷ್ ಪದ ಸೂಚಿಸಿದ್ದು ಆರ್ಕಾಟಿನ ನವಾಬನ ತಮಿಳು ಬಯಲನ್ನು. ವಿಜಯನಗರದ ಕರ್ನಾಟ ಸಾಮ್ರಾಜ್ಯ ಪೂರ್ವಕರಾವಳಿಯವರೆಗೆ ಚಾಚಿದಾಗ ಅಲ್ಲಿಗೆ ಹೋದ ಹೆಸರು, ಸಾಮ್ರಾಜ್ಯ ಅಳಿದ ಮೇಲೂ ಅಲ್ಲಿಯೇ ಉಳಿಯಿತು. 1746ರಿಂದ 1763ರವರೆಗಿನ ಕರ್ನಾಟಿಕ್ ಯುದ್ಧಗಳು ಮುಖ್ಯವಾಗಿ ನಡೆದದ್ದು ತಮಿಳು ನೆಲದಲ್ಲಿ. ಪಶ್ಚಿಮದಲ್ಲಿ ಪೋರ್ಚುಗೀಸರು ‘ಕನಾರಿಂ’ ಎಂದು ಕರೆದದ್ದು ಗೋವೆಯ ಜನರನ್ನು ಮತ್ತು ಅವರ ನುಡಿಯನ್ನು. 1640ರಲ್ಲಿ ರಾಚೋಲಿನಲ್ಲಿ ಅಚ್ಚಾದ ಥಾಮಸ್ ಸ್ಟೀಫನ್ಸನ ಕನಾರಿಂ ವ್ಯಾಕರಣ ಹೇಳುವುದು ಕೊಂಕಣಿಯನ್ನು. ಹೀಗೆ ಪೂರ್ವದಲ್ಲಿ ಒಬ್ಬರು, ಪಶ್ಚಿಮದಲ್ಲಿ ಇನ್ನೊಬ್ಬರು ಹೆಸರನ್ನು ಒಯ್ದ ಮೇಲೆ, ನಡುವೆ ಕುಮಾರಪಟ್ಟಣದಿಂದ ಬೆಳಗಾವಿಯವರೆಗಿನ ಕನ್ನಡ ನೆಲಕ್ಕೆ ಇಂಗ್ಲಿಷ್ ದಾಖಲೆಗಳು ಕೊಟ್ಟ ಹೆಸರು ‘ಸದರ್ನ್ ಮರಾಠಾ ಕಂಟ್ರಿ’, ಅಂದರೆ ದಕ್ಷಿಣ ಮಹಾರಾಷ್ಟ್ರ ದೇಶ.

ಆ ಹೆಸರಿಗೆ ಪರಿಣಾಮವಿತ್ತು. ಮರಾಠಾ ದೇಶವೆಂದು ಕಾಗದದ ಮೇಲೆ ಬರೆದ ಕಡೆ ಕಚೇರಿಯ ವ್ಯವಹಾರಕ್ಕೂ ಸರ್ಕಾರಿ ಶಾಲೆಗೂ ಮರಾಠಿಯೇ ಸಹಜವೆಂದು ತೋರಿತು. ಮನೆಯಲ್ಲಿ ಕನ್ನಡವಾಡುವ ಮಕ್ಕಳು ಶಾಲೆಯಲ್ಲಿ ಮರಾಠಿ ಕಲಿತರು. ಧಾರವಾಡದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ಈ ಅಸಂಬದ್ಧತೆಯನ್ನು ಕಂಡು ಕನ್ನಡದ ಪರವಾಗಿ ನಿಂತ. ಈ ಸೀಮೆಯ ಶಾಸನಗಳನ್ನು ಸಂಗ್ರಹಿಸಿ, ನೆಲದ ಹಳೆಯ ಭಾಷೆ ಯಾವುದೆಂಬುದಕ್ಕೆ ಕಲ್ಲಿನ ಸಾಕ್ಷ್ಯ ಒದಗಿಸಿದವನೂ ಅವನೇ. ಅನಂತರ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದ ಕತೆ ಪ್ರಸಿದ್ಧವಾದದ್ದು. ಜಾನ್ ಫೇಯ್ತ್‌ಫುಲ್ ಫ್ಲೀಟ್ 1882ರಲ್ಲಿ ಈ ಪ್ರದೇಶದ ಅರಸುಮನೆತನಗಳ ಚರಿತ್ರೆಯನ್ನು ಪ್ರಕಟಿಸಿದಾಗ ಅದರ ಶೀರ್ಷಿಕೆಯಲ್ಲಿ ಮರಾಠಾ ದೇಶವಿರಲಿಲ್ಲ; ‘ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳು’ ಎಂಬ ಅರ್ಥದ ಮಾತಿತ್ತು. ಶಾಸನಗಳನ್ನು ಓದಿದವನು ಭೂಪಟದ ಹೆಸರನ್ನು ತಿದ್ದಿದ.

ಭಾಷೆಯ ಹೆಸರು ಸರಿಯಾಗಲು ಇನ್ನೂ ಹೆಚ್ಚು ಕಾಲ ಹಿಡಿಯಿತು. 1817ರಲ್ಲಿ ವಿಲಿಯಂ ಕೇರಿಯ ವ್ಯಾಕರಣದ ಮೇಲೆ ಇದು ‘ಕರ್ನಾಟ’. 1820ರಲ್ಲಿ ಮೆಕೆರೆಲ್ಲನ ವ್ಯಾಕರಣದಲ್ಲಿಯೂ 1832ರಲ್ಲಿ ವಿಲಿಯಂ ರೀವನ ಕೋಶದಲ್ಲಿಯೂ ‘ಕರ್ನಾಟಕ’. ಕಚೇರಿ, ಮಿಷನ್ನುಗಳ ಬಳಕೆಯಲ್ಲಿ ‘ಕ್ಯಾನರೀಸ್’. ಜನರ ಬಾಯಲ್ಲಿದ್ದ ಹೆಸರನ್ನೇ ಇಂಗ್ಲಿಷ್ ಮುಖಪುಟದ ಮೇಲೆ ಅಚ್ಚೊತ್ತಿಸಿದವನು ಫರ್ಡಿನೆಂಡ್ ಕಿಟ್ಟೆಲ್. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಅವನ ಕೋಶ ‘ಕನ್ನಡ-ಇಂಗ್ಲಿಷ್’ ಕೋಶ. ಅಷ್ಟು ಹೊತ್ತಿಗೆ ಹರಿಹರದ ಹೊಳೆಯ ಆಚೆ ಈಚೆ ಸದರ್ನ್ ಮರಾಠಾ ರೈಲ್ವೆಯ ಹಳಿ ಬಿದ್ದಾಗಿತ್ತು. 1908ರಲ್ಲಿ ಅದು ಮದರಾಸಿನ ಕಂಪನಿಯೊಡನೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯಾಯಿತು. ರಾಣೇಬೆನ್ನೂರು, ಬ್ಯಾಡಗಿ, ಹಾವೇರಿ ನಿಲ್ದಾಣಗಳಲ್ಲಿ ನಿಂತು ಹೊರಟ ಗಾಡಿಗಳು ಆ ಹೆಸರನ್ನು ಹೊತ್ತು ಓಡಿದ್ದು 1951ರವರೆಗೆ.